ಕ್ರೀಡಾಕೂಟ ಮುಗಿದ ಮೇಲೆ ಆ ಊರಿನಲ್ಲಿ ಬಾಳುವವರು ಯಾರು? ಬಾರ್ಸಿಲೋನಾದಿಂದ ಒಂದು ಪ್ರಶ್ನೆ

ಪೊಬ್ಲೆನೌ ಕನ್ನಡಿಗ

ಎಲ್ಲರಿಗೂ ನಮಸ್ಕಾರ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ದೊರೆತಿದೆ. 2036ರ ಒಲಿಂಪಿಕ್ಸನ್ನೂ ತರಬೇಕೆಂದು ಭಾರತ ಪ್ರಯತ್ನಿಸುತ್ತಿದೆ. ಈ ಸುದ್ದಿ ಬಂದಾಗಿನಿಂದ ನಮ್ಮ ಕನ್ನಡ ಗುಂಪುಗಳಲ್ಲಿ ಬೆಂಗಳೂರು ಕೂಡ ಇಂಥದ್ದಕ್ಕೆ ಮುಂದಾಗಬೇಕೆಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಉದಾಹರಣೆ ಕೊಡುವಾಗ ಎಲ್ಲರೂ ಬೊಟ್ಟು ಮಾಡುವುದು ನಾನಿರುವ ಬಾರ್ಸಿಲೋನಾದ ಕಡೆಗೆ. ಹಾಗಾಗಿ ಇಲ್ಲಿಯ ನಿವಾಸಿಯಾಗಿ ಕಂಡದ್ದನ್ನು ಬರೆದು, ನಿಮ್ಮ ಊರುಗಳ ಅನುಭವವನ್ನು ಕೇಳೋಣವೆನಿಸಿತು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. 1986ರಲ್ಲಿ ಒಲಿಂಪಿಕ್ಸ್ ಖಚಿತವಾದಾಗ ಈ ಪೊಬ್ಲೆನೌ ಬಡಾವಣೆಯ ಕಡಲ ಬದಿಯಲ್ಲಿದ್ದದ್ದು ಹಳೆಯ ಕಾರ್ಖಾನೆಗಳು, ಉಗ್ರಾಣಗಳು ಮತ್ತು ಊರಿಗೂ ಸಮುದ್ರಕ್ಕೂ ನಡುವೆ ಅಡ್ಡಲಾಗಿ ಹಾಸಿದ್ದ ರೈಲು ಹಳಿಗಳು. ಮೇಯರ್ ಪಸ್ಕ್ವಾಲ್ ಮಾರಗಾಲ್ ಅವರ ಆಡಳಿತ 1992ರ ಹದಿನಾರು ದಿನಗಳ ಕ್ರೀಡಾಕೂಟವನ್ನೇ ಕಾರಣವಾಗಿ ಮುಂದಿಟ್ಟು ಹಳಿಗಳನ್ನು ತೆಗೆಸಿತು, ನಗರದ ಸುತ್ತ ವರ್ತುಲ ರಸ್ತೆಗಳನ್ನು ಕಟ್ಟಿಸಿತು, ಕಿಲೋಮೀಟರುಗಟ್ಟಲೆ ಕಡಲತೀರವನ್ನು ಜನರಿಗೆ ತೆರೆಯಿತು. ಇಂದಿಗೂ ಸಂಜೆಯಾದರೆ ಇಲ್ಲಿನ ಹಿರಿಯರು, ಮಕ್ಕಳು, ನನ್ನಂಥ ವಲಸಿಗರು ಯಾವ ಟಿಕೆಟೂ ಇಲ್ಲದೆ ಆ ತೀರದಲ್ಲಿ ಕೂರುತ್ತೇವೆ. ಅದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಆ ತೀರದ ಹತ್ತಿರ ಬಾಡಿಗೆ ಮನೆ ಹಿಡಿದು ಬಾಳುವುದು ಈಗ ಕಷ್ಟವಾಗಿದೆ. 2024ರಲ್ಲಿ ನಗರಾಡಳಿತವೇ ಹೇಳಿದ ಪ್ರಕಾರ ಅದರ ಹಿಂದಿನ ಹತ್ತು ವರ್ಷಗಳಲ್ಲಿ ಬಾಡಿಗೆ ಶೇ. 68ರಷ್ಟು ಏರಿತ್ತು. ನನ್ನ ಮನೆಯ ಕರಾರು ಮುಗಿಯುತ್ತ ಬಂದಿದೆ. ಮಾಲೀಕರು ಅದನ್ನು ನವೀಕರಿಸಲು ಒಪ್ಪದೆ, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದರೆ ಮಾತ್ರ ಇರಬಹುದು ಎಂದಿದ್ದಾರೆ. ಮೇಲಿನ ಮಹಡಿಯಲ್ಲಿ ನಾಲ್ವರ ಕುಟುಂಬವಿದ್ದ ಮನೆಗೆ ಈಗ ವಾರಕ್ಕೊಮ್ಮೆ ಹೊಸ ಪ್ರವಾಸಿಗರು ಸೂಟ್‌ಕೇಸ್ ಎಳೆದುಕೊಂಡು ಬರುತ್ತಾರೆ. ಬೀದಿಯ ತುದಿಯಲ್ಲಿದ್ದ ಹಾರ್ಡ್‌ವೇರ್ ಅಂಗಡಿ ಬಾಡಿಗೆ ಸೈಕಲ್‌ಗಳ ಅಂಗಡಿಯಾಗಿದೆ.

ಇದಕ್ಕೆಲ್ಲ ಒಲಿಂಪಿಕ್ಸ್ ಕಾರಣವೆನ್ನಬಹುದೇ? ಅನ್ನಬಹುದಾದರೆ, ಇಂಥ ಕೂಟವನ್ನು ಬರಮಾಡಿಕೊಳ್ಳುವ ಊರಿನ ಜನರು ಮೊದಲೇ ಕೇಳಿಟ್ಟುಕೊಳ್ಳಬೇಕಾದ ಪ್ರಶ್ನೆಗಳು ಯಾವುವು?

ಮಲ್ಲೇಶ್ವರದ ಓದುಗ

ಹನ್ನೊಂದು ತಿಂಗಳ ಕರಾರು ಬೆಂಗಳೂರಿನಲ್ಲಿ ಎಲ್ಲ ಬಾಡಿಗೆದಾರರಿಗೂ ಇರುವುದೇ ಅಲ್ಲವೇ? ಅದರಲ್ಲಿ ತೊಂದರೆ ಏನೆಂಬುದು ನನಗೆ ಅರ್ಥವಾಗಲಿಲ್ಲ.

ಪೊಬ್ಲೆನೌ ಕನ್ನಡಿಗ

ಬೆಂಗಳೂರಿನಲ್ಲಿ ಹನ್ನೊಂದು ತಿಂಗಳೆಂದು ಬರೆಯುವುದು ನೋಂದಣಿಯ ಕಟ್ಟುಪಾಡಿನಿಂದ ಪಾರಾಗಲು. ಅವಧಿ ಮುಗಿದರೂ ಸಾಮಾನ್ಯವಾಗಿ ಬಾಡಿಗೆ ಒಂದಿಷ್ಟು ಏರಿಸಿ ಮುಂದುವರಿಸುತ್ತಾರೆ. ಸ್ಪೇನಿನಲ್ಲಿ ವಾಸಕ್ಕೆಂದು ಕೊಡುವ ಮನೆಯ ಕರಾರನ್ನು ಬಾಡಿಗೆದಾರ ಬಯಸಿದರೆ ಕನಿಷ್ಠ 5 ವರ್ಷ, ಮಾಲೀಕರು ಕಂಪನಿಯಾಗಿದ್ದರೆ 7 ವರ್ಷ ನಡೆಸಬೇಕೆಂದು ಕಾನೂನೇ ಹೇಳುತ್ತದೆ. ಹನ್ನೊಂದು ತಿಂಗಳದ್ದು ತಾತ್ಕಾಲಿಕವಾಗಿ ಬಂದುಹೋಗುವವರಿಗೆಂದು ಮಾಡಿದ ಬೇರೆ ಬಗೆಯ ಕರಾರು. 2024ರ ಮಾರ್ಚಿನಲ್ಲಿ ಬಾರ್ಸಿಲೋನಾ ಸೇರಿರುವ ಕ್ಯಾಟಲೋನಿಯ ಪ್ರಾಂತ್ಯದಲ್ಲಿ ಬಾಡಿಗೆಗೆ ಮಿತಿ ಹಾಕಿದಾಗ ಈ ತಾತ್ಕಾಲಿಕ ಕರಾರುಗಳು ಮಿತಿಯ ಹೊರಗೆ ಉಳಿದವು. ಹಲವು ಮಾಲೀಕರು ಆ ದಾರಿಯನ್ನೇ ಹಿಡಿದರು. ಅಂದರೆ ಮಕ್ಕಳನ್ನು ಇಲ್ಲೇ ಶಾಲೆಗೆ ಸೇರಿಸಿರುವ ಕುಟುಂಬವೂ ಕಾಗದದಲ್ಲಿ ಪ್ರವಾಸಿಯಂತೆ ಬಾಳಬೇಕಾಗುತ್ತದೆ.

ಧಾರವಾಡದ ಅರ್ಥಶಾಸ್ತ್ರ ವಿದ್ಯಾರ್ಥಿ

ನಿಮ್ಮ ಸಂಕಟವನ್ನು ಗೌರವಿಸಿಯೇ ಹೇಳುತ್ತೇನೆ, ನೀವು ಹುಡುಕುತ್ತಿರುವ ಕಾರಣ ಸರಿಯಾದ ಜಾಗದಲ್ಲಿಲ್ಲ. 1992ರ ಕ್ರೀಡಾಕೂಟಕ್ಕೂ 2014ರ ನಂತರದ ಬಾಡಿಗೆ ಏರಿಕೆಗೂ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಅಂತರವಿದೆ. ಆ ನಡುವೆ ಯುರೋಪಿನ ವಿಮಾನಯಾನ 1997ರ ಹೊತ್ತಿಗೆ ಮುಕ್ತವಾಗಿ ಅಗ್ಗದ ವಿಮಾನಗಳು ಬಂದವು. 2008ರ ಆರ್ಥಿಕ ಕುಸಿತದ ನಂತರ ಸ್ಪೇನ್ ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡಿತು. ಅದೇ ವರ್ಷ ಹುಟ್ಟಿದ ಏರ್‌ಬಿಎನ್‌ಬಿಯಂಥ ವ್ಯವಸ್ಥೆಗಳು ಯಾರ ಮನೆಯನ್ನಾದರೂ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಹುದಾದ ವಸತಿಗೃಹವನ್ನಾಗಿ ಮಾಡಿದವು. ಇವು ಮೂರೂ ಒಲಿಂಪಿಕ್ಸ್ ನಡೆಯದ ಲಿಸ್ಬನ್ ನಗರದಲ್ಲಿಯೂ ಇಂಥದ್ದೇ ಪರಿಣಾಮವನ್ನು ಉಂಟುಮಾಡಿವೆ.

ಇನ್ನೊಂದು ಕಡೆಯಿಂದಲೂ ನೋಡಿ. 1976ರಲ್ಲಿ ಒಲಿಂಪಿಕ್ಸ್ ನಡೆಸಿದ ಮಾಂಟ್ರಿಯಲ್ ತನ್ನ ಕ್ರೀಡಾಂಗಣದ ಸಾಲವನ್ನು ತೀರಿಸಿ ಮುಗಿಸಿದ್ದು 2006ರಲ್ಲಿ. ಅಥೆನ್ಸಿನಲ್ಲಿ 2004ಕ್ಕೆಂದು ಕಟ್ಟಿದ ಹಲವು ಅಂಗಣಗಳು ಪಾಳುಬಿದ್ದವು. ಕೂಟ ನಡೆಸಿದರೆ ಸಾಕು, ಪ್ರವಾಸಿಗರು ತಾವಾಗಿ ಬಂದು ಮುತ್ತಿಕೊಳ್ಳುತ್ತಾರೆ ಎಂಬುದಕ್ಕೆ ಇತಿಹಾಸದ ಬೆಂಬಲವಿಲ್ಲ. ಹಾಗಾಗಿ ತಪ್ಪು ಕ್ರೀಡಾಕೂಟದ್ದಲ್ಲ, ಪರವಾನಗಿ ಕೊಡುವ ಆಡಳಿತದ್ದು.

ಬಾರ್ಸಿಲೋನಾದಲ್ಲಿ ಓದಿದವಳು

ಧಾರವಾಡದವರ ವಾದದಲ್ಲಿ ಒಂದು ಮುಖ್ಯ ಕೊಂಡಿ ಬಿಟ್ಟುಹೋಗಿದೆ. ಕ್ರೀಡಾಕೂಟ ಮುಗಿದ ಮರುವರ್ಷವೇ, 1993ರಲ್ಲಿ, ನಗರಾಡಳಿತವೂ ವಾಣಿಜ್ಯ ಮಂಡಳಿಯೂ ಸೇರಿ ಟುರಿಸ್ಮೆ ದ ಬಾರ್ಸಿಲೋನಾ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದವು. ಒಲಿಂಪಿಕ್ಸಿಗಾಗಿ ಕಟ್ಟಿದ ಹೋಟೆಲುಗಳು ಖಾಲಿ ಉಳಿಯಬಾರದು, ಗಳಿಸಿದ ಹೆಸರು ಮಾಸಬಾರದು ಎಂಬುದು ಅದರ ಉದ್ದೇಶವಾಗಿತ್ತು. 1990ರಲ್ಲಿ ಅಲ್ಲಿನ ಹೋಟೆಲುಗಳಲ್ಲಿ ತಂಗಿದವರು ಸುಮಾರು 17 ಲಕ್ಷ. 2000ದಲ್ಲಿ 31 ಲಕ್ಷ. 2019ರಲ್ಲಿ 90 ಲಕ್ಷಕ್ಕೂ ಹೆಚ್ಚು. ನಗರದ ಜನಸಂಖ್ಯೆ ಮಾತ್ರ ಹದಿನಾರು, ಹದಿನೇಳು ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಹೆಚ್ಚುಕಡಿಮೆ ಇಮ್ಮಡಿಯಾದ ಮೊದಲ ಹತ್ತು ವರ್ಷಗಳಲ್ಲಿ ಏರ್‌ಬಿಎನ್‌ಬಿ ಇರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಕೂಟಕ್ಕೆಂದು ತಂದ ಬಂಡವಾಳ ತನ್ನನ್ನು ತಾನೇ ಸಮರ್ಥಿಸಿಕೊಳ್ಳಲು ಮತ್ತೊಂದು ಕೂಟವನ್ನು ಬೇಡುತ್ತದೆ. 2006ರಿಂದ, 2020ರಲ್ಲಿ ರದ್ದಾದದ್ದನ್ನು ಬಿಟ್ಟರೆ, ಪ್ರತಿ ವರ್ಷ ಮೊಬೈಲ್ ಉದ್ಯಮದ ಸಮಾವೇಶವಾದ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಬಂತು, 2024ರಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆ ಬಂತು.

ಬೆಂಗಳೂರು ಟೆಲಿಕಾಂ ಎಂಜಿನಿಯರ್

ಆ ಮೊಬೈಲ್ ಕಾಂಗ್ರೆಸ್ಸಿಗೆ ನಾನೂ ಕಂಪನಿಯ ಪರವಾಗಿ ಹೋಗಿದ್ದೇನೆ. ಸುಮಾರು ಒಂದು ಲಕ್ಷ ಜನ ಸೇರುವ ಆ ವಾರದಲ್ಲಿ ಸಾಧಾರಣ ಕೋಣೆಯ ಬೆಲೆಯೂ ಕಂಪನಿಗಳು ಮಾತ್ರ ಕೊಡಬಹುದಾದ ಮಟ್ಟಕ್ಕೆ ಏರುತ್ತದೆ. 2016ರಲ್ಲಿ ಅದೇ ವಾರದಲ್ಲಿ ಮೆಟ್ರೊ ನೌಕರರು ಮುಷ್ಕರ ಹೂಡಿದಾಗ ನಮ್ಮವರೆಲ್ಲ ಬೈದುಕೊಂಡರು. ನನಗೆ ಅವರ ನಡೆ ಸರಿಯೆನಿಸಿತು, ಏಕೆಂದರೆ ವರ್ಷದ ಬೇರೆ ಯಾವ ವಾರದಲ್ಲಿ ಕೇಳಿದ್ದರೂ ಅವರ ಮಾತಿಗೆ ಅಷ್ಟು ಬೇಗ ಕಿವಿಗೊಡುವವರು ಸಿಗುತ್ತಿರಲಿಲ್ಲ.

ಯಲಹಂಕ ಉಪನಗರ ನಿವಾಸಿ

ಅಷ್ಟು ದೂರ ಹೋಗುವುದೇಕೆ? ನಮ್ಮ ಬೆಂಗಳೂರಿನಲ್ಲೇ 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತಿದೆ. ದೇಶ ವಿದೇಶಗಳ ವಿಮಾನ ಕಂಪನಿಗಳು, ರಕ್ಷಣಾ ಸಚಿವರು, ಸೇನಾಧಿಕಾರಿಗಳು ಬಂದು ಹೋಗುವ ಈ ಪ್ರದರ್ಶನದ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ. ತಾಲೀಮಿನ ದಿನಗಳಲ್ಲಿ ಮಕ್ಕಳು ತಾರಸಿ ಹತ್ತಿ ಸೂರ್ಯಕಿರಣ ತಂಡದ ಹಾರಾಟವನ್ನು ನೋಡುವಾಗಿನ ಸಂತೋಷವನ್ನು ಯಾವ ಟಿಕೆಟ್ಟೂ ಕೊಡಲಾರದು.

ಆದರೆ 2025ರಲ್ಲಿ ಐದು ದಿನಗಳ ಪ್ರದರ್ಶನಕ್ಕಾಗಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸದ ಅಂಗಡಿಗಳನ್ನೂ ಮಾಂಸಾಹಾರಿ ಹೋಟೆಲುಗಳನ್ನೂ ಮುಚ್ಚಬೇಕೆಂಬ ಆದೇಶ ಬಂತು. 2023ರಲ್ಲಿ ಈ ವ್ಯಾಪ್ತಿ 10 ಕಿಲೋಮೀಟರ್ ಆಗಿತ್ತು. ನಮ್ಮ ಬಂಧುವೊಬ್ಬರು ಇಲ್ಲಿ ಕೋಳಿ ಅಂಗಡಿ ಇಟ್ಟುಕೊಂಡಿದ್ದಾರೆ. ವ್ಯಾಪಾರವಿಲ್ಲದ ಆ ದಿನಗಳಲ್ಲಿಯೂ ಮಳಿಗೆಯ ಬಾಡಿಗೆ, ಫೈನಾನ್ಸಿನ ಕಂತು, ಊರಿನಿಂದ ಬಂದು ಕತ್ತರಿಸುವ ಕೆಲಸ ಮಾಡುವ ಇಬ್ಬರು ಹುಡುಗರ ಊಟ ಯಾವುದೂ ನಿಲ್ಲಲಿಲ್ಲ. ಹುಡುಗರನ್ನು ಊರಿಗೆ ಕಳಿಸಿದರೆ ಅವರು ಮರಳಿ ಬರುವುದಿಲ್ಲ ಎಂದು ಸಾಲ ಮಾಡಿ ಉಳಿಸಿಕೊಂಡರು. ಅವರಿಗೆ ಯಾವ ಪರಿಹಾರವೂ ಬರಲಿಲ್ಲ. ಪ್ರದರ್ಶನದಿಂದ ಆಗುವ ಒಪ್ಪಂದಗಳ ಮೊತ್ತವನ್ನು ಪತ್ರಿಕೆಗಳು ಕೋಟಿಗಳಲ್ಲಿ ಬರೆಯುತ್ತವೆ. ಈ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ವಾಯುಪಡೆ ನಿವೃತ್ತ

ಯಲಹಂಕದವರಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಆ ಆದೇಶ ಯಾರ ಆಹಾರ ಪದ್ಧತಿಯ ಮೇಲೂ ಹೊರಡಿಸಿದ್ದಲ್ಲ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಮುತ್ತುತ್ತವೆ. ಕೆಳಮಟ್ಟದಲ್ಲಿ ಅತಿ ವೇಗವಾಗಿ ಹಾರುವ ವಿಮಾನದ ಎಂಜಿನ್ನಿಗೆ ಒಂದು ಹದ್ದು ಸಿಕ್ಕಿದರೂ ಪೈಲಟ್ಟಿನ ಪ್ರಾಣವಷ್ಟೇ ಅಲ್ಲ, ಕೆಳಗಿರುವ ಬಡಾವಣೆಯ ಜನರ ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ. ವಿಮಾನ ನಿಲ್ದಾಣದ ಸುತ್ತ ಇಂಥ ತ್ಯಾಜ್ಯ ಹಾಕಬಾರದೆಂಬ ನಿಯಮ 1937ರ ವಿಮಾನ ನಿಯಮಾವಳಿಯಲ್ಲೇ ಇದೆ. ಹದ್ದುಗಳು ಒಂದು ಜಾಗವನ್ನು ಬಿಟ್ಟುಹೋಗಲು ವಾರಗಳು ಬೇಕಾಗುತ್ತವೆ. ಐದು ದಿನ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ.

ಯಲಹಂಕ ಉಪನಗರ ನಿವಾಸಿ

ಕಾರಣವನ್ನು ನಾನು ಪ್ರಶ್ನಿಸಿಲ್ಲ, ಸರ್. ಹದ್ದುಗಳು ಬರುವುದು ಬಯಲಿನಲ್ಲಿ ಸುರಿದ ತ್ಯಾಜ್ಯಕ್ಕೆ. ಆ ತ್ಯಾಜ್ಯವನ್ನು ದಿನವೂ ಮುಚ್ಚಿದ ವಾಹನದಲ್ಲಿ ಸಾಗಿಸುವ ವ್ಯವಸ್ಥೆ ವರ್ಷದುದ್ದಕ್ಕೂ ಇದ್ದಿದ್ದರೆ ಅಂಗಡಿ ಮುಚ್ಚಿಸುವ ಅಗತ್ಯವೇ ಬಹಳಷ್ಟು ಕಡಿಮೆಯಾಗುತ್ತಿತ್ತು. ಮಾಡಬೇಕಾದ ನಿತ್ಯದ ಕೆಲಸವನ್ನು ಮಾಡದೆ, ಅತಿಥಿಗಳು ಬರುವಾಗ ಮಾತ್ರ ಅದರ ಹೊರೆಯನ್ನು ಚಿಕ್ಕ ವ್ಯಾಪಾರಿಯ ಹೆಗಲಿಗೆ ಹಾಕುವುದು ಸರಿಯೇ ಎಂಬುದು ನನ್ನ ಪ್ರಶ್ನೆ. ಮುಚ್ಚಿಸುವುದು ಅನಿವಾರ್ಯವೇ ಆದರೆ ಆ ದಿನಗಳ ಪರಿಹಾರವೂ ಪ್ರದರ್ಶನದ ಖರ್ಚಿನಲ್ಲಿ ಸೇರಬೇಕು. ವೇದಿಕೆಗೆ, ರಸ್ತೆಬದಿಯ ಹೂಕುಂಡಕ್ಕೆ ಹಣ ತೆಗೆದಿಡುವವರಿಗೆ ಇದು ಅಸಾಧ್ಯವಲ್ಲ.

ವಾಯುಪಡೆ ನಿವೃತ್ತ

ಪರಿಹಾರದ ಮಾತನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ.

ದೆಹಲಿಯ ಕನ್ನಡತಿ

ದೆಹಲಿಯಲ್ಲಿ ನೆಲೆಸಿ ಬಹಳ ಕಾಲವಾಗಿರುವುದರಿಂದ 2010ರ ಕಾಮನ್‌ವೆಲ್ತ್ ಕೂಟವನ್ನೂ 2023ರ ಜಿ-20 ಶೃಂಗಸಭೆಯನ್ನೂ ಹತ್ತಿರದಿಂದ ನೋಡಿದ್ದೇನೆ. ಕಾಮನ್‌ವೆಲ್ತ್ ಕೂಟದ ಹೊತ್ತಿನಲ್ಲಿ ಅತಿಥಿಗಳಿಗೆ ಕೋಣೆ ಬೇಕೆಂದು ದೆಹಲಿ ವಿಶ್ವವಿದ್ಯಾಲಯದ ಹಲವು ಕಾಲೇಜುಗಳ ಹಾಸ್ಟೆಲುಗಳನ್ನು ಖಾಲಿ ಮಾಡಿಸಿದರು. ಬೇರೆ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳು ಸುತ್ತಲಿನ ಬಡಾವಣೆಗಳಲ್ಲಿ ಮನೆ ಹುಡುಕಬೇಕಾಯಿತು. ಬೇಡಿಕೆ ಹೆಚ್ಚಿದ್ದರಿಂದ ಅಲ್ಲಿನ ಬಾಡಿಗೆ ಒಮ್ಮೆಗೇ ಏರಿತು. ಯಮುನೆಯ ದಂಡೆಯ ಮೇಲೆ, ಅಕ್ಷರಧಾಮದ ಪಕ್ಕದಲ್ಲಿ ಕಟ್ಟಿದ ಕ್ರೀಡಾಗ್ರಾಮದ ಸಾವಿರಕ್ಕೂ ಹೆಚ್ಚು ಫ್ಲ್ಯಾಟುಗಳು ಕೊನೆಗೆ ಸಿರಿವಂತರ ವಸತಿಯಾದವು. ಜಿ-20 ಸಮಯದಲ್ಲಿ ಸೆಪ್ಟೆಂಬರ್ 8ರಿಂದ 10ರವರೆಗೆ ರಜೆ ಘೋಷಿಸಿ ನಗರದ ಹೃದಯಭಾಗವನ್ನು ಮುಚ್ಚಿದರು. ಅತಿಥಿಗಳು ಹಾಯುವ ದಾರಿಯ ಜೋಪಡಿಗಳು ಕಾಣದಂತೆ ಹಸಿರು ಪರದೆ ಕಟ್ಟಿದರು. ಸಂಬಳದ ನೌಕರರಿಗೆ ಅದು ರಜೆಯಾಗಿತ್ತು. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿನ ಗಂಡ ಹಣ್ಣಿನ ಗಾಡಿ ತಳ್ಳುವವರು. ಅವರಿಗೆ ಅದು ಗಳಿಕೆಯಿಲ್ಲದ ಕಾಲ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೂ ಹಳೆಯದು. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಮೇಲ್ಸೇತುವೆಗಳನ್ನೂ ಕ್ರೀಡಾಂಗಣಗಳನ್ನೂ ಕಟ್ಟಿದ ಕೂಲಿಗಳಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ ಸಿಗಬೇಕಿತ್ತು. ಆ ಹಣ ಜಮಾದಾರರ ಕೈಗೆ ಹೋಗುತ್ತಿತ್ತು. ಅವರು ತಲೆಗೆ ಒಂದು ರೂಪಾಯಿ ಹಿಡಿದುಕೊಂಡು ಉಳಿದ 8 ರೂಪಾಯಿ 25 ಪೈಸೆಯನ್ನು ಕೊಡುತ್ತಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಈ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಾಗ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಆಗುತ್ತದೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಕೂಟದ ಪದಕಪಟ್ಟಿಯನ್ನು ಮರೆತವರೂ ಆ ತೀರ್ಪನ್ನು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಓದುತ್ತಾರೆ. ನಿವಾಸಿಗಳ ಬಗ್ಗೆ ಮಾತಾಡುವಾಗ ಆ ನಗರವನ್ನು ಕಟ್ಟಲು ಬಂದು, ಕಟ್ಟಿದ ಮೇಲೆ ಅಲ್ಲಿರಲು ಜಾಗವಿಲ್ಲದೆ ಹೋಗುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನನ್ನ ವಿನಂತಿ.

ಮಲ್ಲೇಶ್ವರದ ಓದುಗ

ಇಷ್ಟೆಲ್ಲ ದೂರುವ ದೆಹಲಿಗೆ ಮೆಟ್ರೊ ಬಂದದ್ದು ಆ ಕಾಮನ್‌ವೆಲ್ತ್ ಕೂಟದಿಂದಲೇ ಅಲ್ಲವೇ?

ದೆಹಲಿಯ ಕನ್ನಡತಿ

ದೆಹಲಿ ಮೆಟ್ರೊ ಓಡಲಾರಂಭಿಸಿದ್ದು 2002ರ ಡಿಸೆಂಬರಿನಲ್ಲಿ. ಕೂಟ ನಡೆಯಲಿ ಬಿಡಲಿ, ಅದು ಬೆಳೆಯುತ್ತಲೇ ಇತ್ತು. ಗಡುವಿನ ಒತ್ತಡದಿಂದ ಕೆಲವು ಮಾರ್ಗಗಳು ಬೇಗ ಮುಗಿದದ್ದು ನಿಜ; ಸೆಂಟ್ರಲ್ ಸೆಕ್ರೆಟೇರಿಯಟ್‌ನಿಂದ ದಕ್ಷಿಣಕ್ಕೆ ಹೋಗುವ ನೇರಳೆ ಮಾರ್ಗ ಕೂಟ ಆರಂಭವಾದ ದಿನವೇ ತೆರೆಯಿತು. ವಿಮಾನ ನಿಲ್ದಾಣದ ಮಾರ್ಗವನ್ನೂ ಕೂಟಕ್ಕೆಂದೇ ಯೋಜಿಸಿದ್ದರು, ಅದು ಮುಗಿದದ್ದು 2011ರಲ್ಲಿ, ಅತಿಥಿಗಳೆಲ್ಲ ಹೊರಟುಹೋದ ಮೇಲೆ.

ಹೊಸಪೇಟೆಯವಳು

ನಮ್ಮ ಹಂಪಿಯ ಮಾತನ್ನೂ ಇಲ್ಲಿ ಸೇರಿಸಬೇಕು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ಹೊರನಾಡು, ಹೊರದೇಶದ ಜನರನ್ನು ನೆಚ್ಚಿಕೊಂಡು ನೂರಾರು ಕುಟುಂಬಗಳು ಬದುಕು ಕಟ್ಟಿಕೊಂಡವು. 2011ರ ಜುಲೈನಲ್ಲಿ ಅವರ ಮನೆ, ಅಂಗಡಿಗಳನ್ನು ಜೆಸಿಬಿ ತಂದು ಒಡೆದುಹಾಕಿದರು. 2020ರಲ್ಲಿ ನದಿಯ ಆಚೆ ದಡದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. 2023ರಲ್ಲಿ ಜಿ-20 ಪ್ರತಿನಿಧಿಗಳು ಹಂಪಿಗೆ ಬಂದಾಗ ಅವರಿಗೆ ಕಂಡದ್ದು ಜನರಿಲ್ಲದ ಅಚ್ಚುಕಟ್ಟಾದ ಬಜಾರು.

ಧಾರವಾಡದ ಅರ್ಥಶಾಸ್ತ್ರ ವಿದ್ಯಾರ್ಥಿ

ಹಂಪಿ ನಗರವೂ ಅಲ್ಲ, ಅಲ್ಲಿ ನಡೆದ ತೆರವು ಯಾವ ಕೂಟಕ್ಕಾಗಿಯೂ ಅಲ್ಲ. ಹದಿನೈದು, ಹದಿನಾರನೆಯ ಶತಮಾನದ ಸಾಲುಮಂಟಪಗಳಿಗೆ ಇಟ್ಟಿಗೆ ಗೋಡೆ ಕಟ್ಟಿ, ಕಂಬಕ್ಕೆ ಮೊಳೆ ಹೊಡೆದು ಅಂಗಡಿ ಮಾಡಿಕೊಂಡದ್ದನ್ನು ಬಿಟ್ಟುಬಿಡಬೇಕಿತ್ತೇ? ಈ ವಿಷಯವನ್ನು ಬೇರೆಯಾಗಿ ಚರ್ಚಿಸುವುದು ಒಳ್ಳೆಯದು.

ಹೊಸಪೇಟೆಯವಳು

ಮಂಟಪ ಉಳಿಯಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಬೇರೆ ಜಾಗ, ಬೇರೆ ಮನೆ ಸಿದ್ಧವಾಗುವ ಮೊದಲೇ, ಮಳೆಗಾಲದಲ್ಲಿ, ಜನರನ್ನು ಹೊರಗೆ ಹಾಕುವುದನ್ನು ನೀವು ಒಪ್ಪುತ್ತೀರಾ ಎಂದು ಕೇಳುತ್ತಿದ್ದೇನೆ. ಬಾರ್ಸಿಲೋನಾದಲ್ಲಿ ಆ ಕೆಲಸವನ್ನು ಬಾಡಿಗೆ ಮಾಡುತ್ತದೆ, ಹಂಪಿಯಲ್ಲಿ ಜೆಸಿಬಿ ಮಾಡಿತು. ಎರಡೂ ಕಡೆ ಹೊರಗೆ ಹೋದವರು ಅಲ್ಲಿ ಮೊದಲಿನಿಂದ ಇದ್ದವರು, ಹಾಗಾಗಿ ನನ್ನ ಮಾತು ಈ ಚರ್ಚೆಗೆ ಹೊರತಾದದ್ದಲ್ಲ.

ಮೈಸೂರಿನ ಪ್ರವಾಸಿ ಮಾರ್ಗದರ್ಶಿ

ಇಲ್ಲಿ ಬರೆದಿರುವ ಬಹುಪಾಲು ಜನರು ಪ್ರವಾಸಿಗರನ್ನು ತೊಂದರೆಯೆಂದೇ ಕಾಣುತ್ತಿದ್ದಾರೆ. ನನ್ನಂಥವರ ಅಡುಗೆಮನೆ ನಡೆಯುವುದು ಅವರಿಂದ. 2020ರಲ್ಲಿ ದಸರಾ ಅರಮನೆಯ ಆವರಣಕ್ಕೆ ಸೀಮಿತವಾಯಿತು. ಆ ವರ್ಷ ಮೈಸೂರಿನ ಟಾಂಗಾದವರು, ಅಗರಬತ್ತಿ, ರೇಷ್ಮೆ ಮಾರುವವರು, ಲಾಡ್ಜಿನ ಹುಡುಗರು ಎಷ್ಟು ಸೊರಗಿದರೆಂದು ನೋಡಿದವರಿಗೆ ಗೊತ್ತು. ಟಿಕೆಟ್ ಹಣವನ್ನೇ ನಂಬಿರುವ ಮೃಗಾಲಯವೂ ಪ್ರಾಣಿಗಳ ಮೇವಿಗೆ ದಾನಿಗಳ ನೆರವು ಕೇಳಬೇಕಾಯಿತು. 2024ರ ಜುಲೈ 6ರಂದು ಬಾರ್ಸಿಲೋನಾದ ಪ್ರತಿಭಟನೆಯಲ್ಲಿ ಹೋಟೆಲಿನ ಹೊರಗೆ ಊಟ ಮಾಡುತ್ತಿದ್ದ ಪ್ರವಾಸಿಗರ ಮೇಲೆ ನೀರಿನ ಪಿಸ್ತೂಲಿನಿಂದ ನೀರು ಹಾರಿಸಿದ ದೃಶ್ಯ ನೋಡಿ ನನಗೆ ಬಹಳ ಬೇಸರವಾಯಿತು. ವರ್ಷವಿಡೀ ಕೂಡಿಟ್ಟ ಹಣದಲ್ಲಿ ಮಕ್ಕಳನ್ನು ಕರೆದುಕೊಂಡು ಬಂದ ಕುಟುಂಬ ಮಾಡಿದ ಅಪರಾಧವೇನು?

ಪೊಬ್ಲೆನೌ ಕನ್ನಡಿಗ

ನಿಮ್ಮ ಬೇಸರ ನ್ಯಾಯವಾದದ್ದು, ಆ ಕೃತ್ಯವನ್ನು ಇಲ್ಲಿಯ ಅನೇಕ ನಿವಾಸಿಗಳೂ ಮೆಚ್ಚಲಿಲ್ಲ. ಆದರೆ ಅಂದು ಬೀದಿಗಿಳಿದ ಸುಮಾರು 2,800 ಜನರಲ್ಲಿ ಹೋಟೆಲುಗಳಲ್ಲಿ ಬಡಿಸುವವರೂ ಇದ್ದರು ಎಂಬುದನ್ನು ದಯವಿಟ್ಟು ಗಮನಿಸಿ. ನಗರದ ಆದಾಯದಲ್ಲಿ ಪ್ರವಾಸೋದ್ಯಮದ್ದು ದೊಡ್ಡ ಪಾಲು. ಆ ಆದಾಯವನ್ನು ದುಡಿದು ತರುವವರಿಗೇ ನಗರದೊಳಗೆ ಮನೆ ಸಿಗದೆ ಅವರು ಹೊರವಲಯದ ಊರುಗಳಿಂದ ಬೆಳಗಿನ ರೈಲು ಹಿಡಿದು ಬರುತ್ತಾರೆ. ನಾಳೆ ಮೈಸೂರಿನ ದೇವರಾಜ ಮೊಹಲ್ಲಾದ ಮನೆಗಳೆಲ್ಲ ದಿನದ ಬಾಡಿಗೆಯ ಹೋಂಸ್ಟೇಗಳಾಗಿ, ಮಾರ್ಗದರ್ಶಿಯಾದ ನೀವು ನಂಜನಗೂಡಿನಿಂದಾಚೆ ಮನೆ ಹಿಡಿಯಬೇಕಾದರೆ ನೀವೂ ನಮ್ಮಂತೆಯೇ ಮಾತನಾಡುತ್ತೀರಿ.

ಇಲ್ಲಿ ಏನೂ ನಡೆದಿಲ್ಲವೆಂದಲ್ಲ. ಮನೆ ಕಳೆದುಕೊಳ್ಳುವವರ ಪರವಾದ ಚಳವಳಿಯಿಂದ ಬಂದ ಅದಾ ಕೊಲಾವು 2015ರಲ್ಲಿ ಮೇಯರ್ ಆದರು. 2017ರಲ್ಲಿ ಹೊಸ ಹೋಟೆಲ್ ಮತ್ತು ಪ್ರವಾಸಿ ವಸತಿಗಳು ಎಲ್ಲೆಲ್ಲಿ ಬರಬಹುದು, ಎಲ್ಲೆಲ್ಲಿ ಬರಬಾರದು ಎಂಬ ಯೋಜನೆ ಜಾರಿಯಾಯಿತು. ಈಗಿನ ಮೇಯರ್ ಜೌಮೆ ಕೊಲ್‌ಬೋನಿ 2024ರ ಜೂನಿನಲ್ಲಿ, ನಗರದ 10,101 ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರಿನ ನಂತರ ನವೀಕರಿಸುವುದಿಲ್ಲ ಎಂದು ಪ್ರಕಟಿಸಿದರು. ಅದಕ್ಕೆ ಆಧಾರವಾದ ಕಾನೂನನ್ನು ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ 2025ರಲ್ಲಿ ಎತ್ತಿಹಿಡಿಯಿತು. ಚಿಕ್ಕದಾದರೂ ನನಗೆ ಪ್ರಿಯವಾದ ಇನ್ನೊಂದು ಗೆಲುವೆಂದರೆ 116ನೇ ಸಂಖ್ಯೆಯ ಬಸ್ಸಿನದು. ಪಾರ್ಕ್ ಗುಯೆಲ್ ಕಡೆಯ ಗುಡ್ಡದ ಓಣಿಗಳಲ್ಲಿ ಓಡುವ ಆ ಪುಟ್ಟ ಬಸ್ಸು ಪ್ರವಾಸಿಗರಿಂದ ತುಂಬಿ ತುಳುಕುತ್ತ, ಊರುಗೋಲು ಹಿಡಿದ ಹಿರಿಯರಿಗೆ ಹತ್ತಲೂ ಆಗುತ್ತಿರಲಿಲ್ಲ. ನಿವಾಸಿಗಳು ಪಟ್ಟುಹಿಡಿದ ಮೇಲೆ ನಗರಾಡಳಿತ ಆ ಮಾರ್ಗವನ್ನು ಗೂಗಲ್ ಮ್ಯಾಪ್ಸ್‌ನಿಂದಲೇ ತೆಗೆಸಿತು. ಈಗ ಅವರಿಗೆ ಕೂರಲು ಜಾಗ ಸಿಗುತ್ತಿದೆ.

ಧಾರವಾಡದ ಅರ್ಥಶಾಸ್ತ್ರ ವಿದ್ಯಾರ್ಥಿ

10,101 ಫ್ಲ್ಯಾಟುಗಳೆಂದರೆ ನಗರದ ಒಟ್ಟು ಮನೆಗಳಲ್ಲಿ ಶೇಕಡ ಎರಡೂ ಆಗುವುದಿಲ್ಲ. ಅಷ್ಟನ್ನು ಮುಚ್ಚಿದ ಮಾತ್ರಕ್ಕೆ ಬಾಡಿಗೆ ಇಳಿಯುತ್ತದೆಯೇ? ಹೊಸ ಮನೆಗಳನ್ನು ಕಟ್ಟದೆ ಬೇರೆ ದಾರಿಯಿಲ್ಲ.

ಬಾರ್ಸಿಲೋನಾದಲ್ಲಿ ಓದಿದವಳು

ಆ ಶೇಕಡಾವಾರು ಲೆಕ್ಕ ದಾರಿತಪ್ಪಿಸುತ್ತದೆ. ಆ ಫ್ಲ್ಯಾಟುಗಳು ನಗರದುದ್ದಕ್ಕೂ ಸಮನಾಗಿ ಹರಡಿಲ್ಲ, ದೊಡ್ಡ ಪಾಲು ಎಯ್‌ಶಾಂಪ್ಲದಂಥ ನಡುಭಾಗದ ಬಡಾವಣೆಗಳಲ್ಲೇ ಇದೆ. ಒಂದು ಕಟ್ಟಡದಲ್ಲಿ ಮೂರು ಮನೆ ಪ್ರವಾಸಿಗರದ್ದಾದರೆ ಉಳಿದವರ ನಿದ್ದೆ, ನೆರೆಹೊರೆ, ಕೆಳಗಿನ ದಿನಸಿ ಅಂಗಡಿ ಎಲ್ಲವೂ ಬದಲಾಗುತ್ತವೆ. ಹೊಸ ಮನೆ ಕಟ್ಟಬೇಕೆಂಬ ಮಾತನ್ನು ನಾನೂ ಒಪ್ಪುತ್ತೇನೆ, ಆದರೆ ಸಮುದ್ರಕ್ಕೂ ಬೆಟ್ಟಕ್ಕೂ ಎರಡು ನದಿಗಳಿಗೂ ನಡುವೆ ಸಿಕ್ಕಿಕೊಂಡಿರುವ ಆ ಊರಿನಲ್ಲಿ ಖಾಲಿ ಜಾಗ ಎಲ್ಲಿದೆ? ಕೊನೆಯದಾಗಿ ಅಷ್ಟು ದೊಡ್ಡ ಜಾಗ ಸಿಕ್ಕಿದ್ದೇ ಒಲಿಂಪಿಕ್ಸಿನ ಹೊತ್ತಿನಲ್ಲಿ.

ಲಂಡನ್ ಕನ್ನಡ ಬಳಗದವ

ಲಂಡನ್ನಿನಲ್ಲಿ ಎರಡೂ ನಡೆದಿವೆ. 2012ರ ಕೂಟಕ್ಕಾಗಿ ಕ್ಲೇಸ್ ಲೇನ್ ಎಂಬ ವಸತಿ ಸಮುಚ್ಚಯವನ್ನು ಕೆಡವಿದಾಗ 400ಕ್ಕೂ ಹೆಚ್ಚು ಜನರು ಚದುರಿಹೋದರು. ಅದೇ ಕೂಟದ ಕ್ರೀಡಾಗ್ರಾಮದ ಸುಮಾರು 2,800 ಮನೆಗಳಲ್ಲಿ ಅರ್ಧದಷ್ಟನ್ನು ಮಾರುಕಟ್ಟೆಗಿಂತ ಕಡಿಮೆ ದರದ ವಸತಿಗೆ ಮೀಸಲಿಟ್ಟರು. ಮೊದಲೇ ಬರೆದಿಟ್ಟದ್ದರಿಂದ ಅಷ್ಟಾದರೂ ಉಳಿಯಿತು. 2024ರಲ್ಲಿ ಪ್ಯಾರಿಸ್ಸಿನವರು ಮತ್ತೊಂದು ಸಣ್ಣ ಉಪಾಯ ಮಾಡಿದರು. ಕೂಟದ ವಾರಗಳಲ್ಲಿ ಮೆಟ್ರೊದ ಬಿಡಿ ಟಿಕೆಟ್ಟನ್ನು 2.15 ಯೂರೊದಿಂದ 4 ಯೂರೊಗೆ ಏರಿಸಿ, ನಿವಾಸಿಗಳ ತಿಂಗಳ ಪಾಸನ್ನು ಹಾಗೆಯೇ ಬಿಟ್ಟರು.

ಮಲ್ಲೇಶ್ವರದ ಓದುಗ

ಹಾಗಾದರೆ ಜನರನ್ನು ಕೇಳಿ ತೀರ್ಮಾನಿಸುವುದೇ ಸರಿಯಾದ ದಾರಿ. 2015ರಲ್ಲಿ ಹ್ಯಾಂಬರ್ಗ್ ಜನಮತ ತೆಗೆದುಕೊಂಡಿತು, ಜನ ಬೇಡವೆಂದರು, ಒಲಿಂಪಿಕ್ಸ್ ಆಸೆಯನ್ನು ಅಲ್ಲಿಗೇ ಕೈಬಿಟ್ಟರು. 2025ರ ಅಕ್ಟೋಬರಿನಲ್ಲಿ ಮ್ಯೂನಿಕ್ ಕೇಳಿತು, ಮೂರರಲ್ಲಿ ಎರಡು ಪಾಲು ಜನ ಬೇಕೆಂದರು. ಬೆಂಗಳೂರು ಮುಂದಾಗುವುದಿದ್ದರೆ ಹಾಗೆಯೇ ಮಾಡಲಿ.

ಯಲಹಂಕ ಉಪನಗರ ನಿವಾಸಿ

ಬೆಂಗಳೂರಿನಲ್ಲಿ ಕೇಳುವವರು ಯಾರು? 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಪಾಲಿಕೆಗೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ವಾರ್ಡಿನ ಕಸದ ಬಗ್ಗೆ ಹೇಳಿಕೊಳ್ಳಲು ಒಬ್ಬ ಕಾರ್ಪೊರೇಟರ್ ಇಲ್ಲದೆ ಅಷ್ಟು ಕಾಲ ಬಾಳಿದ ಊರಿನವರಾದ ನಾವು, ಅಂತಾರಾಷ್ಟ್ರೀಯ ಕೂಟದ ಬಗ್ಗೆ ಆಡಳಿತದವರು ನಮ್ಮ ಅಭಿಪ್ರಾಯ ಕೇಳುತ್ತಾರೆಂದು ಹೇಗೆ ನಂಬಬೇಕು? ಮೊದಲು ವಾರ್ಡ್ ಸಮಿತಿಗಳು ತಿಂಗಳಿಗೊಮ್ಮೆ ನಿಜವಾಗಿ ಸೇರಲಿ. ರಸ್ತೆ ಮುಚ್ಚುವ, ಅಂಗಡಿ ಮುಚ್ಚಿಸುವ ಆದೇಶಗಳು ಅಲ್ಲಿಗೆ ಬಂದು ಚರ್ಚೆಯಾಗಲಿ. ಜನಮತದ ಮಾತು ಆಮೇಲಿನದು.

ಅಹಮದಾಬಾದಿನ ಕನ್ನಡಿಗ

ನಾನು ಮೊಟೇರಾ ಕ್ರೀಡಾಂಗಣಕ್ಕೆ ಹತ್ತಿರದ ಬಡಾವಣೆಯಲ್ಲಿದ್ದೇನೆ. ಈ ಚರ್ಚೆಯನ್ನು ಮೊದಲಿನಿಂದ ಓದುತ್ತ ಬಂದೆ, ನಿಮ್ಮಲ್ಲಿ ಹಲವರಿಗೆ ಆಗಿಹೋದದ್ದು ನಮಗೆ ಇನ್ನು ಆಗಬೇಕಾದದ್ದು. 2020ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರು ಬಂದಾಗ ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲಿ ಸರಾಣಿಯಾವಾಸ್ ಎಂಬ ಕೊಳೆಗೇರಿಯ ಮುಂದೆ ಗೋಡೆ ಎಬ್ಬಿಸಿದರು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಸಮಯದಲ್ಲಿ ಹೋಟೆಲ್ ಕೋಣೆಗಳ ಬೆಲೆ ಹಲವು ಪಟ್ಟು ಏರಿತು. ನಮ್ಮ ಬಡಾವಣೆಯ ಕೆಲವರು ಮನೆಯ ಒಂದು ಕೋಣೆಯನ್ನು ಎರಡು ರಾತ್ರಿಗೆ ಕೊಟ್ಟು ತಿಂಗಳ ಬಾಡಿಗೆಗಿಂತ ಹೆಚ್ಚು ಗಳಿಸಿದರು. ಆ ಗಳಿಕೆಯ ರುಚಿ ಕಂಡವರು ಈಗ 2030ರ ಕಡೆ ನೋಡುತ್ತಿದ್ದಾರೆ, ಬಾಡಿಗೆಗಿರುವ ನಮ್ಮಂಥವರಿಗೆ ಅದೇ ಆತಂಕ.

ನಮ್ಮ ನಿವಾಸಿಗಳ ಸಂಘದ ಸಭೆ ಮುಂದಿನ ವಾರವಿದೆ. ಪೊಬ್ಲೆನೌ ಅವರೇ, ನಿಮ್ಮಲ್ಲಿ ಕ್ರೀಡಾಗ್ರಾಮದ ಮನೆಗಳು ಕೊನೆಗೆ ಯಾರ ಪಾಲಾದವು ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಸುವಿರಾ? ಅಲ್ಲಿ ಮುಂದಿಡಲು ನನಗೆ ಅದು ಬೇಕು.

ಪೊಬ್ಲೆನೌ ಕನ್ನಡಿಗ

ಖಂಡಿತ. ಕ್ರೀಡಾಪಟುಗಳು ಹೊರಟ ಮೇಲೆ ಆ ಮನೆಗಳು ಮಾರುಕಟ್ಟೆಯ ಬೆಲೆಗೆ ಮಾರಾಟವಾದವು, ಮಧ್ಯಮ ಮತ್ತು ಮೇಲ್ಮಧ್ಯಮ ವರ್ಗದವರು ಕೊಂಡರು. ಕಾರ್ಖಾನೆಗಳ ಕಾಲದಿಂದ ಈ ಭಾಗದಲ್ಲಿದ್ದ ಕಾರ್ಮಿಕ ಕುಟುಂಬಗಳಿಗೆ ಅವು ಎಟುಕಲಿಲ್ಲ. ಅವುಗಳಲ್ಲಿ ಒಂದು ಪಾಲನ್ನು ನಗರಾಡಳಿತ ತನ್ನ ಒಡೆತನದಲ್ಲೇ ಉಳಿಸಿಕೊಂಡು ಕಡಿಮೆ ಬಾಡಿಗೆಗೆ ಕೊಟ್ಟಿದ್ದರೆ ಇಂದು ಅದರ ಕೈಯಲ್ಲಿ ಸಮುದ್ರದ ಪಕ್ಕದಲ್ಲೇ ಸಾರ್ವಜನಿಕ ವಸತಿ ಇರುತ್ತಿತ್ತು. ಈಗ ಅದೇ ಆಡಳಿತ ಒಂದೊಂದು ಕಟ್ಟಡವನ್ನೂ ದುಬಾರಿ ಬೆಲೆ ಕೊಟ್ಟು ಕೊಳ್ಳಬೇಕಾಗಿದೆ. ಆದ್ದರಿಂದ ಅಲ್ಲಿ ಕಟ್ಟುವ ಮನೆಗಳಲ್ಲಿ ಎಷ್ಟು ಪಾಲು ಸರ್ಕಾರದ ಒಡೆತನದಲ್ಲಿ ಬಾಡಿಗೆಗೆ ಉಳಿಯುತ್ತದೆ, ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಅಡಿಪಾಯ ಹಾಕುವ ಮೊದಲೇ ಲಿಖಿತವಾಗಿ ಕೇಳಿ. ದಿನದ ಬಾಡಿಗೆಗೆ ಕೊಡುವ ಮನೆಗಳ ನೋಂದಣಿ ನಿಯಮವನ್ನೂ ಈಗಲೇ ಒತ್ತಾಯಿಸಿ, ಪರವಾನಗಿ ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವುದು ವರ್ಷಗಟ್ಟಲೆ ಕೋರ್ಟಿನ ಕೆಲಸವಾಗುತ್ತದೆ.

ದೆಹಲಿಯ ಕನ್ನಡತಿ

ಸಭೆಯಲ್ಲಿ ಕೂಲಿಗಳ ವಿಷಯವನ್ನೂ ದಯವಿಟ್ಟು ಸೇರಿಸಿ. ಕಟ್ಟಡ ಕಾರ್ಮಿಕರು ಎಲ್ಲಿ ಉಳಿಯುತ್ತಾರೆ, ಅವರ ಮಕ್ಕಳಿಗೆ ಅಂಗನವಾಡಿ ಇರುತ್ತದೆಯೇ, ಕೂಲಿ ನೇರವಾಗಿ ಅವರ ಖಾತೆಗೆ ಹೋಗುತ್ತದೆಯೇ ಎಂದು ಕೇಳಬೇಕು. 1982ರ ತೀರ್ಪಿನ ಮುಖ್ಯ ಭಾಗಗಳನ್ನು ಇಂದು ರಾತ್ರಿಯೇ ನಿಮಗೆ ಸಂದೇಶದಲ್ಲಿ ಕಳಿಸುತ್ತೇನೆ.

ಅಹಮದಾಬಾದಿನ ಕನ್ನಡಿಗ

ಕಳಿಸಿ ಮೇಡಂ. ಸಭೆಯವರಿಗೆ ಅದನ್ನು ಗುಜರಾತಿಯಲ್ಲಿ ವಿವರಿಸಿ ಹೇಳುವ ಹೊಣೆ ನನ್ನದು.